ಹಿಡಿಯಬೇಕು, ಬಿಡಲೂ ಬೇಕು: ಗ್ರಾಮಫೋನ್ ಪ್ಲೇಟಿನ ಅಚ್ಚು ಹುಟ್ಟುವ ಬಗೆ

ಮಳೆ ಹಿಡಿಯುವ ಮುಂಚೆ ಗಿಡಬಳ್ಳಿಗೆ ರೋಗ ತಾಗದಂತೆ ಬೋರ್ಡೋ ದ್ರಾವಣ ಹೊಡೆಸಿ ಮುಗಿಸಬೇಕು. ಕೊಡಗಿನಲ್ಲಿ ಕಾಫಿ, ಮೆಣಸು ಇರುವ ಯಾವ ಮನೆಗೂ ಇದು ಹೊಸದಲ್ಲ. ಮೆಣಸಿನ ಬಳ್ಳಿಗಾದರೆ ಒಂದು ಕೆ.ಜಿ. ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕದಡಿ ಆಮೇಲೆ ಕೂಡಿಸುವುದು. ಕೂಡಿಸಿದ ಮೇಲೆ ಒಂದು ಸಣ್ಣ ಪರೀಕ್ಷೆ. ಉಜ್ಜಿ ಹೊಳಪು ಬರಿಸಿದ ಕಬ್ಬಿಣದ ಕತ್ತಿಯನ್ನು ಡ್ರಮ್ಮಿನಲ್ಲಿ ಒಂದು ನಿಮಿಷ ಅದ್ದಿ ತೆಗೆಯಬೇಕು. ಅಲಗು ಹಾಗೇ ಇದ್ದರೆ ಸರಿ. ಕೆಂಪು ಹಿಡಿದಿದ್ದರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು.

ಆ ಕೆಂಪು ಅನ್ನೋದು ತಾಮ್ರ. ಕಬ್ಬಿಣ ಒಂದು ಚೂರು ಕರಗಿ ನೀರಿಗೆ ಇಳಿಯಿತು. ನೀರಿನಲ್ಲಿ ಕರಗಿದ್ದ ತಾಮ್ರ ಬಂದು ಅದರ ಜಾಗದಲ್ಲಿ ಕೂತಿತು. ಕುಲುಮೆ ಹಚ್ಚದೆ, ಸುತ್ತಿಗೆ ಎತ್ತದೆ ಬರೀ ನೀರಿನಿಂದ ಲೋಹ ಹೊರಗೆ ಬಂತು. ಗ್ರಾಮಫೋನ್ ಪ್ಲೇಟು ಹೇಗೆ ಮಾಡುತ್ತಾರೆ ಅನ್ನುವುದು ನನಗೆ ಅರ್ಥವಾಗಿದ್ದು ಇದೇ ಡ್ರಮ್ಮಿನಿಂದ.

ನಮ್ಮ ಮನೆಯಲ್ಲಿ ಒಂದು ಹಳೆಯ ಎಲ್‌ಪಿ ಉಂಟು. ಹೊರದೇಶದಲ್ಲಿ ಒತ್ತಿದ್ದು, ಕಂಪನಿ ಹೆಸರು ಬೇಡ. ಮಾವ ಎಸ್ಟೇಟಿನ ಕೆಲಸದಲ್ಲಿದ್ದಾಗ ಯಾರೋ ಊರು ಬಿಡುವಾಗ ಕೊಟ್ಟು ಹೋದದ್ದು. ಎರಡನೇ ಬದಿಯಲ್ಲಿ, ಪಿಯಾನೋ ನಿಂತು ಪಿಟೀಲು ಎತ್ತಿಕೊಳ್ಳುವ ಸಂದಿಯಲ್ಲಿ ಸರಿಯಾಗಿ ‘ಟಿಕ್’ ಅನ್ನುತ್ತದೆ. ಚಿಕ್ಕವನಿದ್ದಾಗ ನಾನೇ ಅದನ್ನು ಗೀರಿದ್ದು ಅಂತ ಮನೆಯಲ್ಲಿ ತೀರ್ಮಾನವಾಗಿತ್ತು. ಬೈಸಿಕೊಂಡು ಬೈಸಿಕೊಂಡು ನಾನೂ ಒಪ್ಪಿಕೊಂಡಿದ್ದೆ. ಎರಡು ವರ್ಷದ ಹಿಂದೆ ಬೆಂಗಳೂರಿನ ಒಂದು ಹಳೇ ಸಾಮಾನಿನ ಅಂಗಡಿಯಲ್ಲಿ ಅದೇ ಎಲ್‌ಪಿಯ ಇನ್ನೊಂದು ಪ್ರತಿ ಸಿಕ್ಕಿತು. ತಂದು ಹಾಕಿದೆ. ಅದೇ ಜಾಗ, ಅದೇ ಟಿಕ್.

ಹಾಗಾದರೆ ಗೀರಿದ್ದು ನಾನಲ್ಲ. ತಪ್ಪು ಅಚ್ಚಿನಲ್ಲೇ ಇತ್ತು. ಮೂವತ್ತು ವರ್ಷದ ಆಪಾದನೆ ಕಳೆದ ಖುಷಿ ಒಂದು ಕಡೆ. ಆದರೆ ಅದಕ್ಕಿಂತ ಜಾಸ್ತಿ ತಲೆ ತಿಂದದ್ದು ಬೇರೆ ಪ್ರಶ್ನೆ. ಧೂಳಿನ ಕಣದಷ್ಟು ದೋಷವನ್ನೂ ಬಿಡದೆ ನಕಲು ಮಾಡುವ ಅಚ್ಚನ್ನು ಮಾಡುವುದಾದರೂ ಹೇಗೆ?

ಮೊದಲು ಆ ಅಚ್ಚಿನಲ್ಲಿ ಏನೇನು ಮೂಡಬೇಕು ಅನ್ನುವುದನ್ನು ನೋಡೋಣ. ಪ್ಲೇಟಿನ ಮೇಲೆ ಕಾಣುವ ಗೆರೆಗಳೆಲ್ಲ ಸೇರಿ ಒಂದೇ ಗೆರೆ. ಹೊರಗಿನ ಅಂಚಿನಿಂದ ಶುರುವಾಗಿ ಸುರುಳಿ ಸುತ್ತಿ ಒಳಗೆ ಹೋಗುತ್ತದೆ. ನಿಮಿಷಕ್ಕೆ ಮೂವತ್ತಮೂರೂ ಮೂರನೇ ಒಂದು ಪಾಲು ಸುತ್ತು ತಿರುಗುವ 12 ಇಂಚಿನ ಪ್ಲೇಟಿನಲ್ಲಿ ಇಪ್ಪತ್ತು ನಿಮಿಷದ ಸಂಗೀತ ಇದ್ದರೆ, ಆ ಗೆರೆಯನ್ನು ಬಿಚ್ಚಿ ನೇರ ಎಳೆದರೆ ಸುಮಾರು 430 ಮೀಟರ್ ಉದ್ದ. ಅಗಲ ಮಾತ್ರ ಕೂದಲಿಗಿಂತಲೂ ಕಡಿಮೆ. ಗೆರೆ ಅಂದೆ, ಆದರೆ ಅದು ನಿಜಕ್ಕೂ ಒಂದು ತೋಡು. ಎರಡು ಗೋಡೆ ಇಳಿಜಾರಾಗಿ ಬಂದು ತಳದಲ್ಲಿ ಕೂಡುತ್ತವೆ. ಹಾಡು ಇರುವುದು ಆ ಗೋಡೆಗಳ ಅಂಕುಡೊಂಕಿನಲ್ಲಿ. ಸ್ಟೀರಿಯೋ ಆದರೆ ಎಡಕಿವಿಗೆ ಒಂದು ಗೋಡೆ, ಬಲಕಿವಿಗೆ ಇನ್ನೊಂದು.

ಒಳಗಿನ ಸುತ್ತುಗಳಲ್ಲಿ ತಾಳದಂಥ ಚುರುಕು ಸದ್ದು, ಸೆಕೆಂಡಿಗೆ ಹತ್ತು ಸಾವಿರ ಕಂಪನದ್ದು ಅಂದುಕೊಳ್ಳಿ, ಗೋಡೆಯ ಮೇಲೆ ಒಂದು ಅಲೆಗೆ ಹಿಡಿಯುವ ಜಾಗ 21 ಮೈಕ್ರಾನ್. ಮಿಲಿಮೀಟರಿನ ಐವತ್ತನೇ ಒಂದು ಪಾಲು. ಮೆಲ್ಲಗಿನ ಸದ್ದಾದರೆ ಆ ಅಲೆಯ ಎತ್ತರ ಒಂದು ಮೈಕ್ರಾನಿಗೂ ಕಡಿಮೆ. ಇಷ್ಟನ್ನೂ ಲೋಹದಲ್ಲಿ ನಕಲು ಮಾಡಬೇಕು. ಮಾಡಿ ಅದರಿಂದ ಸಾವಿರ ಪ್ಲೇಟು ಒತ್ತಬೇಕು.

ಎರಕ ಹೊಯ್ದರೆ ಆಗಲ್ವಾ ಅಂತ ಮೊದಲು ಅನಿಸುತ್ತದೆ. ಆಗುವುದಿಲ್ಲ. ನಿಕಲ್ ಕರಗುವುದು 1455 ಡಿಗ್ರಿಯಲ್ಲಿ. ಗೆರೆ ಕೊರೆದ ಮೂಲ ಪ್ಲೇಟು ಆ ಬಿಸಿಗೆ ಬೂದಿಯೂ ಉಳಿಯುವುದಿಲ್ಲ. ಉಳಿಯಿತು ಅಂದುಕೊಂಡರೂ, ಎರಕ ಆರುವಾಗ ಕುಗ್ಗುತ್ತದೆ. ಅದಕ್ಕೇ ಕತ್ತಿಯ ದಾರಿ. ತಣ್ಣಗಿನ ನೀರಿನಲ್ಲಿ ಲೋಹವನ್ನು ಪರಮಾಣು ಪರಮಾಣುವಾಗಿ ತಂದು ಕೂರಿಸುವುದು. ಸಂದಿ ಎಷ್ಟೇ ಸಣ್ಣದಿರಲಿ, ಪರಮಾಣುವಿಗೆ ಅದು ಬಯಲು.

ಮೂಲ ಪ್ಲೇಟಿನ ಹೆಸರು ಲ್ಯಾಕರ್. ಕನ್ನಡಿಯಂತೆ ನಯವಾದ ಅಲ್ಯೂಮಿನಿಯಂ ತಗಡಿನ ಮೇಲೆ ನೈಟ್ರೋಸೆಲ್ಯುಲೋಸ್ ಬಳಿದಿರುತ್ತದೆ. ಹಳೆಯ ಕಾಲದ ಉಗುರು ಪಾಲಿಶ್ ಕೂಡ ಇದೇ ಜಾತಿಯದು. 12 ಇಂಚಿನ ರೆಕಾರ್ಡಿಗೆ 14 ಇಂಚಿನ ಲ್ಯಾಕರ್, ಅಂಚಿನಲ್ಲಿ ಹಿಡಿಯಲು ಜಾಗ ಬೇಕಲ್ಲ. ಬಿಸಿ ಮಾಡಿದ ನೀಲಮಣಿಯ ಸೂಜಿ ಅದರಲ್ಲಿ ತೋಡು ತೆಗೆಯುತ್ತದೆ. ಎದ್ದ ಸುರುಳಿಯನ್ನು ಒಂದು ಕೊಳವೆ ಹೀರಿಕೊಳ್ಳುತ್ತಾ ಹೋಗುತ್ತದೆ. ಕಪ್ಪು ಕೂದಲಿನಂಥ ಆ ಸುರುಳಿಗೆ ಬೆಂಕಿ ತಾಗಿದರೆ ಭಗ್ ಅಂತ ಹತ್ತುತ್ತದೆ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಊರಿನ ಅಪೊಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟು ಹೋಯಿತು. ಜಗತ್ತಿನ ಬಹುಪಾಲು ಲ್ಯಾಕರ್ ಅಲ್ಲಿಂದಲೇ ಬರುತ್ತಿತ್ತು. ಆಮೇಲೆ ಎಲ್ಲರೂ ಜಪಾನಿನ ಒಂದು ಸಣ್ಣ ಕಂಪನಿಯ ಬಾಗಿಲಲ್ಲಿ ನಿಲ್ಲಬೇಕಾಯಿತು.

ಲ್ಯಾಕರ್ ಮೆತ್ತಗಿನದು. ಕೊರೆದ ಗೋಡೆ ಮೆಲ್ಲಗೆ ಹಿಂದಕ್ಕೆ ಸರಿಯಲು ನೋಡುತ್ತದೆ. ತಡ ಮಾಡಿದರೆ ಚುರುಕು ಸದ್ದುಗಳ ಮೊನೆ ಮೊಂಡಾಗುತ್ತದೆ. ಹಾಗಾಗಿ ಕೊರೆದ ಲ್ಯಾಕರನ್ನು ಬೇಗ ಲೋಹದ ಕೋಣೆಗೆ ಸಾಗಿಸಬೇಕು. ಹಾಲಿನ ಡೇರಿಗೆ ಹಾಲು ಸಾಗಿಸುವಷ್ಟೇ ಅವಸರ.

ಇಲ್ಲಿ ಮೊದಲ ತೊಡಕು. ಲ್ಯಾಕರ್ ಕರೆಂಟು ಹಾಯಿಸುವುದಿಲ್ಲ. ಕರೆಂಟು ಹಾಯದ ಜಾಗಕ್ಕೆ ಲೋಹ ಬರುವುದಿಲ್ಲ. ಮೇಣದ ಮೇಲೆ ರೆಕಾರ್ಡ್ ಮಾಡುತ್ತಿದ್ದ ಕಾಲದಲ್ಲಿ ಅದಕ್ಕೆ ಗ್ರಾಫೈಟ್ ಪುಡಿ ಸವರುತ್ತಿದ್ದರು. ಪೆನ್ಸಿಲಿನಲ್ಲಿ ಇರುತ್ತದಲ್ಲ, ಅದೇ. ಪುಡಿ ಎಷ್ಟೇ ನುಣ್ಣಗಿದ್ದರೂ ಕಣ ಕಣವೇ. ಪ್ಲೇಟಿನಲ್ಲಿ ಅದು ಸರಸರ ಅಂತ ಕೇಳುತ್ತದೆ. ಈಗ ಬೆಳ್ಳಿ. ಲ್ಯಾಕರನ್ನು ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು, ಸ್ಟ್ಯಾನಸ್ ಕ್ಲೋರೈಡ್ ಅನ್ನುವ ತವರದ ಉಪ್ಪಿನ ನೀರು ಹಾಯಿಸುತ್ತಾರೆ. ಬೆಳ್ಳಿ ಹಿಡಿಯಲು ಅದು ಹೆಪ್ಪು ಇದ್ದಂತೆ. ಆಮೇಲೆ ಎರಡು ಮೂತಿಯ ಗನ್ನಿನಿಂದ ಎರಡು ದ್ರವವನ್ನು ಒಟ್ಟಿಗೆ ಚಿಮ್ಮಿಸುತ್ತಾರೆ. ಒಂದರಲ್ಲಿ ಅಮೋನಿಯಾ ಬೆರೆತ ಸಿಲ್ವರ್ ನೈಟ್ರೇಟ್, ಇನ್ನೊಂದರಲ್ಲಿ ಗ್ಲೂಕೋಸಿನಂಥ ವಸ್ತು. ಎರಡೂ ಪ್ಲೇಟಿನ ಮೇಲೆ ಕೂಡಿದ ತಕ್ಷಣ ಬೆಳ್ಳಿ ಬೇರೆಯಾಗಿ ಅಂಟುತ್ತದೆ. ಕರಿಯ ಪ್ಲೇಟು ನೋಡುನೋಡುತ್ತಲೇ ಮೊದಲು ಕಂದು, ಆಮೇಲೆ ಕನ್ನಡಿ. ಮುಖ ನೋಡುವ ಕನ್ನಡಿಯ ಬೆನ್ನಿಗೆ ಬೆಳ್ಳಿ ಹಿಡಿಸುವುದೂ ಇದೇ ವಿದ್ಯೆಯಿಂದ. ಆ ಬೆಳ್ಳಿಯ ದಪ್ಪ ಒಂದು ಮೈಕ್ರಾನಿಗಿಂತ ಎಷ್ಟೋ ಕಡಿಮೆ. ತೋಡು ತುಂಬಬಾರದು, ಬರೀ ಮೈ ಸವರಬೇಕು.

ಇಲ್ಲಿಂದ ಮುಂದೆ ಕರೆಂಟಿನ ಕೆಲಸ. ಓದಿದ್ದು ಸಾಲದೆ ಇದನ್ನು ನಾನು ಕಳೆದ ಮಳೆಗಾಲ ನಮ್ಮ ಶೆಡ್ಡಿನಲ್ಲಿ ಮಾಡಿ ನೋಡಿದೆ. ಮೇಣದಬತ್ತಿ ಕರಗಿಸಿ ಡಬ್ಬಿಯ ಮುಚ್ಚಳಕ್ಕೆ ಹೊಯ್ದು, ಅರೆಬಿಸಿ ಇರುವಾಗ ಒಂದು ಹಳೆಯ ರೂಪಾಯಿ ನಾಣ್ಯ ಒತ್ತಿ ತೆಗೆದೆ. ಪೆನ್ಸಿಲ್ ಕಡ್ಡಿ ಅರೆದು, ಮೆತ್ತಗಿನ ಬ್ರಷ್ಷಿನಿಂದ ಆ ಗುರುತಿಗೆ ಸವರಿದೆ. ಗ್ರಾಫೈಟಿಗೆ ತಾಗುವಂತೆ ಒಂದು ತಾಮ್ರದ ತಂತಿ ಸಿಕ್ಕಿಸಿದೆ. ಗಾಜಿನ ಭರಣಿಯಲ್ಲಿ ಮೈಲುತುತ್ತದ ನೀರು, ಒಂದೆರಡು ಹನಿ ಬ್ಯಾಟರಿ ಆಸಿಡ್. ಎದುರಿಗೆ ಒಂದು ತುಂಡು ತಾಮ್ರದ ತಗಡು. ತಗಡಿಗೆ ಬ್ಯಾಟರಿಯ ಪ್ಲಸ್, ಮೇಣಕ್ಕೆ ಮೈನಸ್. ಕತ್ತಿಯ ವಿಷಯದಲ್ಲಿ ಕಬ್ಬಿಣವೇ ಕರಗಿ ಬೆಲೆ ಕೊಟ್ಟಿತ್ತು. ಇಲ್ಲಿ ಬೆಲೆ ಕೊಡುವುದು ಬ್ಯಾಟರಿ. ತಗಡಿನ ತಾಮ್ರ ಕರಗಿ ನೀರಿಗೆ ಬರುತ್ತದೆ, ಅಷ್ಟೇ ತಾಮ್ರ ನೀರಿನಿಂದ ಮೇಣದ ಮೇಲೆ ಕೂರುತ್ತದೆ. ನೀರಿನಲ್ಲಿರುವ ತಾಮ್ರದ ಲೆಕ್ಕ ಹಾಗೇ ಇರುತ್ತದೆ.

ಮೊದಲನೇ ಸಲ ಬೈಕಿನ ಬ್ಯಾಟರಿ ಕೊಟ್ಟೆ. ಬೇಗ ಆಗಲಿ ಅಂತ. ಅರ್ಧ ಗಂಟೆಯಲ್ಲಿ ಕಾಫಿ ಗಸಿಯಂಥ ಕಂದು ಪುಡಿ ಬಂತು, ಬೆರಳು ತಾಗಿಸಿದರೆ ಉದುರಿತು. ಕರೆಂಟು ಜಾಸ್ತಿಯಾದರೆ ತಾಮ್ರ ಒತ್ತಾಗಿ ಕೂರಲು ಪುರುಸೊತ್ತು ಸಿಗುವುದಿಲ್ಲ. ಎರಡನೇ ಸಲ ಒಂದೇ ಟಾರ್ಚ್ ಸೆಲ್ಲು, ಜೊತೆಗೊಂದು ರೆಸಿಸ್ಟರ್. ಸುಮಾರು 0.1 ಆಂಪಿಯರ್. ತಂತಿ ತಾಗಿದ ಜಾಗದಿಂದ ನಸುಗೆಂಪು ಬಣ್ಣದ ತಾಮ್ರ ಮೆಲ್ಲಗೆ ಹರಡುತ್ತಾ ಹೋಯಿತು. ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಬಿಸಿನೀರಿಗೆ ಹಾಕಿ ಮೇಣ ಕರಗಿಸಿದಾಗ ಕೈಗೆ ಬಂದದ್ದು ಕಾಲು ಮಿಲಿಮೀಟರ್ ದಪ್ಪದ ತಾಮ್ರದ ಚಿಪ್ಪು. ನಾಣ್ಯದ ಮೇಲೆ ಹಿಂದಿನ ಯಜಮಾನರ ಜೇಬಿನಲ್ಲಿ ಆದ ಒಂದು ಗೀರಿತ್ತು. ಚಿಪ್ಪಿನಲ್ಲಿ ಅದೂ ಇತ್ತು!

ಇದನ್ನು ಮಾಡಿ ನೋಡುವವರಿಗೆ ಒಂದು ಮಾತು. ಮೈಲುತುತ್ತ ವಿಷ, ಕೈಗೆ ಗ್ಲೌಸ್ ಇರಲಿ, ಮಕ್ಕಳ ಕೈಗೆ ಸಿಗದಿರಲಿ. ಉಳಿದ ನೀರನ್ನು ತೋಡಿಗೆ ಚೆಲ್ಲಬೇಡಿ. ನಮ್ಮ ತೋಡುಗಳೆಲ್ಲ ಎಲ್ಲಿಗೆ ಹೋಗುತ್ತವೆ ಅಂತ ಗೊತ್ತಲ್ಲ.

ಈ ವಿದ್ಯೆಗೆ ವಯಸ್ಸಾಗಿದೆ. 1838ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊರಿಟ್ಸ್ ಯಾಕೋಬಿ ಇದನ್ನು ತೋರಿಸಿಕೊಟ್ಟಾಗ ಗ್ರಾಮಫೋನ್ ಹುಟ್ಟಿರಲೇ ಇಲ್ಲ. ಹಾಡು ಹಿಡಿಯುವ ಯಂತ್ರ ಬರುವ ಹೊತ್ತಿಗೆ ಅದರ ಅಚ್ಚಿನ ವಿದ್ಯೆ ತಯಾರಾಗಿ ಕಾಯುತ್ತಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಹಾಡಿದ್ದನ್ನು ಮೇಣದಲ್ಲಿ ಹಿಡಿದು, ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಕಳಿಸಿದರು. ಅಚ್ಚು ಹುಟ್ಟಿದ್ದು ಅಲ್ಲಿ. ಪ್ಲೇಟಾಗಿ ಮತ್ತೆ ಹಡಗು ಹತ್ತಿ ಇಲ್ಲಿಗೆ ಬಂತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ಶುರುವಾದ ಮೇಲೆಯೇ ಈ ಓಡಾಟ ತಪ್ಪಿದ್ದು. ಅದೇ ಗೌಹರ್ ಜಾನ್ ಕೊನೆಗೆ ಮೈಸೂರು ಅರಮನೆಯ ಗಾಯಕಿಯಾಗಿ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.

ಕಾರ್ಖಾನೆಯಲ್ಲಿ ಈಗ ತಾಮ್ರದ ಬದಲು ನಿಕಲ್. ನೂರು ಟನ್ನಿನ ಒತ್ತಡಕ್ಕೆ ತಾಮ್ರ ಮೆತ್ತಗಾಯಿತು. ನಿಕಲ್ ಗಟ್ಟಿ, ತುಕ್ಕೂ ಹಿಡಿಯುವುದಿಲ್ಲ. ತೊಟ್ಟಿಯಲ್ಲಿ ಇರುವುದು ಪಚ್ಚೆ ಹಸಿರಿನ ನೀರು, ನಿಕಲ್ ಸಲ್ಫಮೇಟ್. ಬಿಸಿ ಸುಮಾರು ಐವತ್ತು ಡಿಗ್ರಿ. ಹುಳಿ ಏರುಪೇರಾಗದಿರಲು ಬೋರಿಕ್ ಆಸಿಡ್, ನಾವು ಕೇರಂ ಬೋರ್ಡಿಗೆ ಹಾಕುತ್ತಿದ್ದ ಅದೇ ಬಿಳಿ ಪುಡಿ. ಟೈಟಾನಿಯಂ ಬುಟ್ಟಿಯಲ್ಲಿ ನಿಕಲ್ ಗುಂಡುಗಳು. ಬುಟ್ಟಿಗೆ ಬಟ್ಟೆಯ ಚೀಲ ತೊಡಿಸಿರುತ್ತಾರೆ, ಕಸ ನೀರಿಗೆ ಬರದಿರಲಿ ಅಂತ. ಬೆಳ್ಳಿ ಮೆತ್ತಿದ ಲ್ಯಾಕರ್ ಅದರೆದುರು ತಿರುಗುತ್ತಿರುತ್ತದೆ.

ಎಷ್ಟು ಹೊತ್ತು ಬೇಕು ಅನ್ನುವುದನ್ನು ಊಹಿಸಬೇಕಿಲ್ಲ, ಲೆಕ್ಕ ಹಾಕಬಹುದು. ಒಂದು ಆಂಪಿಯರ್ ಕರೆಂಟು ಒಂದು ಗಂಟೆ ಹರಿದರೆ ಕೂರುವ ನಿಕಲ್ ಸುಮಾರು 1.1 ಗ್ರಾಂ. 14 ಇಂಚಿನ ಪ್ಲೇಟಿನ ಒಂದು ಬದಿ ಹೆಚ್ಚುಕಡಿಮೆ ಸಾವಿರ ಚದರ ಸೆಂಟಿಮೀಟರ್. ಅದರ ಮೇಲೆ ಕಾಲು ಮಿಲಿಮೀಟರ್ ನಿಕಲ್ ಬೇಕು ಅಂದರೆ 220 ಗ್ರಾಂ. ನೂರು ಆಂಪಿಯರ್ ಕೊಟ್ಟರೆ ಎರಡು ಗಂಟೆ. ಮೀಟರ್ ನೋಡಿ ದಪ್ಪ ಹೇಳಬಹುದು.

ಲೆಕ್ಕ ಸುಲಭ, ಕೆಲಸ ಸುಲಭವಲ್ಲ. ಶುರುವಿನಲ್ಲೇ ನೂರು ಆಂಪಿಯರ್ ಕೊಟ್ಟರೆ ತೆಳು ಬೆಳ್ಳಿ ಸುಟ್ಟು ಹೋಗುತ್ತದೆ. ಹಾಗಾಗಿ ಮೊದಲು ತಣ್ಣಗಿನ ತೊಟ್ಟಿಯಲ್ಲಿ, ಸಣ್ಣ ಕರೆಂಟಿನಲ್ಲಿ ಒಂದು ತೆಳು ಪದರ ಕೂರಿಸಿಕೊಂಡು, ಆಮೇಲೆ ಏರಿಸುತ್ತಾ ಹೋಗುತ್ತಾರೆ. ಇನ್ನೊಂದು, ಹೀಗೆ ಕೂತ ಲೋಹದೊಳಗೆ ಬಿಗಿತ ಇರುತ್ತದೆ. ಜಾಸ್ತಿಯಾದರೆ ಬಿಸಿಲಿಗಿಟ್ಟ ಹಪ್ಪಳದ ಹಾಗೆ ಅಂಚು ಎದ್ದು ತಗಡು ಸೊಟ್ಟಗಾಗುತ್ತದೆ. ಸಲ್ಫಮೇಟ್ ನೀರಿನಲ್ಲಿ ಈ ಬಿಗಿತ ಕಡಿಮೆ, ಅದಕ್ಕೇ ಅದನ್ನು ಆರಿಸಿಕೊಂಡಿದ್ದು. ಮೂರನೆಯದು ಗುಳ್ಳೆ. ನಿಕಲ್ ಕೂರುವಾಗ ಅದರ ಜೊತೆ ಚೂರು ಹೈಡ್ರೋಜನ್ನೂ ಹುಟ್ಟುತ್ತದೆ. ಒಂದು ಗುಳ್ಳೆ ಹೋಗದೆ ಅಲ್ಲೇ ಕೂತರೆ ಅದರ ಅಡಿಯಲ್ಲಿ ಲೋಹ ಬರುವುದಿಲ್ಲ, ಸಣ್ಣ ಕುಳಿ ಉಳಿಯುತ್ತದೆ. ಗುಳ್ಳೆ ಜಾರಿ ಹೋಗಲಿ ಅಂತಲೇ ನೀರಿಗೆ ಸೋಪಿನಂಥದ್ದು ಬೆರೆಸುವುದು, ಪ್ಲೇಟನ್ನು ತಿರುಗಿಸುವುದು, ನೀರನ್ನು ಹಗಲೂ ರಾತ್ರಿ ಸೋಸುವುದು. ಈ ಗುಳ್ಳೆಯನ್ನು ನೆನಪಿಟ್ಟುಕೊಳ್ಳಿ.

ನಿಕಲ್ ಸಾಕಷ್ಟು ಬೆಳೆದ ಮೇಲೆ ಅಂಚಿಗೆ ಬಾಯಿ ಮಾಡಿ ಲ್ಯಾಕರಿನಿಂದ ಎಬ್ಬಿಸುತ್ತಾರೆ. ಲ್ಯಾಕರಿನ ಕತೆ ಅಲ್ಲಿಗೆ ಮುಗಿಯಿತು, ಸಾಮಾನ್ಯವಾಗಿ ಅದು ಹಾಳಾಗುತ್ತದೆ. ಬೆಳ್ಳಿ ನಿಕಲ್ ಜೊತೆಗೇ ಎದ್ದು ಬರುತ್ತದೆ. ಅದನ್ನು ಔಷಧ ಹಾಕಿ ತೆಗೆದರೆ ಉಳಿಯುವ ಹೊಳೆಯುವ ತಗಡಿಗೆ ಆ ಕಸುಬಿನವರು ಇಟ್ಟ ಹೆಸರು ‘ತಂದೆ’. ಲ್ಯಾಕರಿನಲ್ಲಿ ತೋಡು ಇದ್ದ ಕಡೆ ತಂದೆಯಲ್ಲಿ ಏರಿ. ಗದ್ದೆಯ ಏರಿ ಇದ್ದಂತೆ ಎದ್ದು ನಿಂತ ಗೆರೆ. ಇದೇ ಅಚ್ಚು. ಇದನ್ನೇ ಪ್ರೆಸ್ಸಿಗೆ ಹಾಕಿ ಒತ್ತಬಹುದು. ಸಣ್ಣ ಸಂಖ್ಯೆಯಾದರೆ ಹಾಗೆ ಮಾಡುವವರೂ ಇದ್ದಾರೆ. ಆದರೆ ಒಂದು ಅಚ್ಚು ಸವೆಯದೆ ಒತ್ತುವುದು ಸುಮಾರು ಸಾವಿರ ಪ್ಲೇಟು. ತಂದೆ ಸವೆದರೆ ಮತ್ತೆ ಲ್ಯಾಕರಿನಿಂದ ಶುರು ಮಾಡಬೇಕು. ಅದಕ್ಕೇ ತಂದೆಯನ್ನು ಮತ್ತೆ ತೊಟ್ಟಿಗೆ ಇಳಿಸಿ ಅವನ ಮೇಲೆ ಇನ್ನೊಂದು ನಿಕಲ್ ತಗಡು ಬೆಳೆಸುತ್ತಾರೆ. ಅದು ‘ತಾಯಿ’. ತಂದೆಯ ಹೊಟ್ಟೆಯಿಂದ ತಾಯಿ! ನಮ್ಮ ಒಕ್ಕದ, ಅಂದರೆ ಮನೆತನದ, ಲೆಕ್ಕ ಬರೆಯುವ ಹಿರಿಯರು ಇದನ್ನು ಕೇಳಿದರೆ ಪೆನ್ನು ಕೆಳಗಿಡುತ್ತಾರೆ.

ಈಗ ನಿಜವಾದ ಜಾಣತನ ಬೇಕಾದ ಜಾಗ. ನಿಕಲ್ ಮೇಲೆ ನಿಕಲ್ ಬೆಳೆಸಿದರೆ ಎರಡೂ ಒಂದೇ ಆಗಿಬಿಡುತ್ತವೆ. ಯಾವ ಉಳಿ ಹಾಕಿದರೂ ಬಿಡುವುದಿಲ್ಲ. ಒಡವೆಗೆ ಚಿನ್ನದ ನೀರು ಹಿಡಿಸುವವರಿಗೆ ಬೇಕಾದದ್ದೇ ಅದು, ಬಿಡಬಾರದು. ಇಲ್ಲಿ ಬೇಕಾದದ್ದು ಬೇರೆ. ಬೆಳೆಯುವಾಗ ಒಂದು ಪರಮಾಣುವಿನಷ್ಟೂ ಅಂತರ ಬಿಡದೆ ಹಿಡಿದಿರಬೇಕು, ಬೆಳೆದ ಮೇಲೆ ಸಿಪ್ಪೆ ಸುಲಿದಂತೆ ಬಿಡಬೇಕು.

ಒಬ್ಬಟ್ಟು ತಟ್ಟುವವರಿಗೆ ಇದು ಗೊತ್ತು. ಬಾಳೆ ಎಲೆಗೆ ಎಣ್ಣೆ ಸವರದೆ ತಟ್ಟಿದರೆ ಅರ್ಧ ಎಲೆಯಲ್ಲೇ ಉಳಿಯುತ್ತದೆ. ಸವರಿ ತಟ್ಟಿದರೆ ಸಲೀಸಾಗಿ ಎದ್ದು ಬರುತ್ತದೆ. ಎದ್ದು ಬಂದ ಮೇಲೆ ಅದರ ಹೊಟ್ಟೆಯನ್ನು ನೋಡಿ. ಎಲೆಯ ನರಗಳೆಲ್ಲ ಅಲ್ಲಿ ಸಣ್ಣ ಗೆರೆಗಳಾಗಿ ಮೂಡಿರುತ್ತವೆ. ಎಲೆಯಲ್ಲಿ ಉಬ್ಬಿದ್ದ ನರ ಹಿಟ್ಟಿನಲ್ಲಿ ತಗ್ಗು. ಎಣ್ಣೆ ತೆಳುವಾಗಿದ್ದರೆ ಮಾತ್ರ ಈ ಗುರುತು. ಜಾಸ್ತಿ ಸುರಿದರೆ ನರ ಮೂಡುವುದಿಲ್ಲ.

ಕಾರ್ಖಾನೆಯವರ ಎಣ್ಣೆ ಪೊಟ್ಯಾಶಿಯಂ ಡೈಕ್ರೋಮೇಟ್. ಆ ಕಿತ್ತಳೆ ಬಣ್ಣದ ನೀರಿನಲ್ಲಿ ತಂದೆಯನ್ನು ಸ್ವಲ್ಪ ಹೊತ್ತು ಅದ್ದಿದರೆ ನಿಕಲ್ಲಿನ ಮೈ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಸೂಜಿಗೂ ತಾಗುವುದಿಲ್ಲ. ಕರೆಂಟು ಹಾಯುವಷ್ಟು ತೆಳು, ಲೋಹಕ್ಕೆ ಲೋಹ ಬೆಸೆಯದಿರುವಷ್ಟು ದಪ್ಪ. ಇಡೀ ವಿದ್ಯೆ ಈ ಪೊರೆಯ ಮೇಲೆ ನಿಂತಿದೆ ಅಂತ ನನ್ನ ಅಭಿಪ್ರಾಯ. ನಿಕಲ್ ಕೂರಿಸುವುದು ಯಾರಿಗೂ ಬರುತ್ತದೆ, ಬಿಡಿಸುವುದರಲ್ಲಿ ಇದೆ ಕೈಚಳಕ. ಹಾಗಂತ ಡೈಕ್ರೋಮೇಟ್ ಸಾಧುವಲ್ಲ. ಅದರಲ್ಲಿರುವ ಕ್ರೋಮಿಯಂ ಕ್ಯಾನ್ಸರ್ ತರುವ ಜಾತಿಯದು, ನಿಕಲ್ ಉಪ್ಪೂ ಕಡಿಮೆಯೇನಲ್ಲ. ಕಾವೇರಿ ಹುಟ್ಟುವ ಜಿಲ್ಲೆಯಲ್ಲಿ ಇಂಥ ತೊಟ್ಟಿ ಇಡುತ್ತೇನೆ ಅಂತ ಯಾರಾದರೂ ಬಂದರೆ, ಹಾಡಿನ ಹುಚ್ಚು ಎಷ್ಟಿದ್ದರೂ ನಾನು ಬೇಡ ಅನ್ನುತ್ತೇನೆ.

ತಾಯಿಯಲ್ಲಿ ಮತ್ತೆ ತೋಡು. ಅಂದರೆ ಅದನ್ನು ಪ್ಲೇಯರ್ ಮೇಲಿಟ್ಟು ನುಡಿಸಬಹುದು. ಲೋಹದ ಪ್ಲೇಟು ಹಾಡುತ್ತದೆ. ಇಂಥ ಲೋಹದ ಪ್ಲೇಟುಗಳಲ್ಲಿ ಎಲ್ಲಕ್ಕಿಂತ ಹೆಸರಾದವು ಎರಡು, ಎರಡೂ ಈಗ ಭೂಮಿಯ ಮೇಲೆ ಇಲ್ಲ. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳಲ್ಲಿ ಒಂದೊಂದು 12 ಇಂಚಿನ ತಾಮ್ರದ ಪ್ಲೇಟಿದೆ, ಮೇಲೆ ಚಿನ್ನದ ಲೇಪ. ಕೇಸರಬಾಯಿ ಕೇರ್ಕರ್ ಹಾಡು ಅದರಲ್ಲಿದೆ. 55 ಭಾಷೆಗಳ ಶುಭಾಶಯ ಇದೆ, ಅದರಲ್ಲಿ ಕನ್ನಡವೂ ಒಂದು: ‘ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು’. ನಮ್ಮ ಭಾಷೆ ಅಷ್ಟು ದೂರ ಹೋಗಿರುವುದು ತಾಮ್ರದ ತೋಡಿನಲ್ಲಿ ಕೂತು. ಮೈಲುತುತ್ತದ ಊರಿನವನಿಗೆ ಇದು ಸಣ್ಣ ಹೆಮ್ಮೆ.

ತಾಯಿಯನ್ನು ನುಡಿಸಿ ಕೇಳುವುದು ಬರೀ ಕುತೂಹಲಕ್ಕಲ್ಲ. ತಪ್ಪು ಹುಡುಕಲು. ಟಿಕ್ ಎಲ್ಲಿ ಕೇಳಿತೋ ಅಲ್ಲಿಗೆ ಮೈಕ್ರೋಸ್ಕೋಪ್ ಇಟ್ಟು ನೋಡುತ್ತಾರೆ. ತೋಡಿನಲ್ಲಿ ಲೋಹದ ಗುಬಟು ಎದ್ದಿದ್ದರೆ ಚೂಪಾದ ಉಳಿಯಿಂದ ಕೆರೆದು ತೆಗೆಯಬಹುದು. ತಂದೆಯಲ್ಲಿ ಕುಳಿ ಇದ್ದರೆ ತಾಯಿಯಲ್ಲಿ ಗುಬಟು ಬರುತ್ತದೆ, ಅದಕ್ಕೆ ಮದ್ದು ಉಂಟು. ಆದರೆ ತಾಯಿಯಲ್ಲೇ ಕುಳಿ ಇದ್ದರೆ? ಕೆರೆಯಬಹುದು, ತುಂಬಲಾಗದು. ತಪ್ಪುಗಳಲ್ಲೂ ಹೀಗೆ ಎರಡು ಜಾತಿ. ಇಂಥ ಟಿಕ್ ಹುಡುಕುತ್ತಾ ದಿನವಿಡೀ ಕೂರುವವರು ಹಾಡು ಕೇಳುತ್ತಾರೋ ಬರೀ ಟಿಕ್ ಕೇಳುತ್ತಾರೋ, ನನಗೆ ಕೇಳಬೇಕು ಅಂತಿದೆ.

ತಾಯಿಗೂ ಪೊರೆ ಕಟ್ಟಿಸಿ, ಮೂರನೇ ಸಲ ತೊಟ್ಟಿಗೆ ಇಳಿಸಿ, ಬೆಳೆಸಿ ಬಿಡಿಸಿದರೆ ಸ್ಟ್ಯಾಂಪರ್. ಪ್ರೆಸ್ಸಿಗೆ ಹೋಗುವ ಅಚ್ಚು ಇದೇ. ಒಬ್ಬ ತಂದೆಯಿಂದ ಹತ್ತು ತಾಯಿ, ಒಬ್ಬೊಬ್ಬ ತಾಯಿಯಿಂದ ಹತ್ತು ಸ್ಟ್ಯಾಂಪರ್, ಒಂದೊಂದರಿಂದ ಸಾವಿರ ಪ್ಲೇಟು ಅಂದರೂ ಒಂದು ಲ್ಯಾಕರಿನಿಂದ ಲಕ್ಷ. ಸ್ಟ್ಯಾಂಪರಿನ ಬೆನ್ನನ್ನು ಉಜ್ಜಿ ನಯ ಮಾಡಬೇಕು. ಬೆನ್ನಿನ ಒರಟು ಕೂಡ ಒತ್ತಡಕ್ಕೆ ಮುಂದೆ ಮೂಡಿ ಗೊರಗೊರ ಅನ್ನುತ್ತದೆ. ನಡುವಿನ ತೂತು ಕೂದಲೆಳೆ ಆಚೀಚೆ ಆದರೂ ಪ್ಲೇಟು ಕುಡಿದವರ ಹಾಗೆ ತೂರಾಡಿ ರಾಗ ಏಳುಬೀಳಾಗುತ್ತದೆ.

1980ರ ದಶಕದಲ್ಲಿ ಜರ್ಮನಿಯ ಟೆಲ್ಡೆಕ್ ಕಂಪನಿ ಒಂದು ಒಳದಾರಿ ಹುಡುಕಿತು. ಲ್ಯಾಕರ್ ಬಿಟ್ಟು, ತಾಮ್ರ ಕೂರಿಸಿದ ತಗಡಿನಲ್ಲೇ ವಜ್ರದ ಸೂಜಿಯಿಂದ ನೇರ ತೋಡು ತೆಗೆಯುವುದು. ಆ ತಾಮ್ರವೇ ತಾಯಿ. ಬೆಳ್ಳಿ ಬೇಡ, ತಂದೆ ಬೇಡ. ಕೆಲವರ ಕಿವಿಗೆ ಅದರ ಸದ್ದು ಸ್ವಲ್ಪ ಚುರುಕು, ಕೆಲವರಿಗೆ ಒರಟು. ಆ ಜಗಳಕ್ಕೆ ನಾನು ಹೋಗುವುದಿಲ್ಲ.

ಒತ್ತುವ ಕೆಲಸ ಬೇಗ ಹೇಳಿ ಮುಗಿಸಬಹುದು. ಮೇಲೊಂದು ಸ್ಟ್ಯಾಂಪರ್, ಕೆಳಗೊಂದು. ನಡುವೆ ಬಿಸಿ ಪಿವಿಸಿ ಉಂಡೆ, ನಮ್ಮ ಅಕ್ಕಿ ಕಡಂಬುಟ್ಟಿನ ಉಂಡೆಗಿಂತ ಸ್ವಲ್ಪ ದೊಡ್ಡದು, ಎರಡೂ ಕಡೆ ಲೇಬಲ್. ನೂರು ಟನ್ ಒತ್ತಡ, ಒಳಗೆ ಹಬೆ ಹಾಯಿಸಿ ಬಿಸಿ, ಆಮೇಲೆ ತಣ್ಣೀರು ಹಾಯಿಸಿ ತಂಪು. ಅರ್ಧ ನಿಮಿಷದಲ್ಲಿ ಪ್ಲೇಟು. ಪಿವಿಸಿ ಬರುವ ಮುಂಚೆ ಆ ಜಾಗದಲ್ಲಿ ಇದ್ದದ್ದು ಅರಗು, ಅದೂ ಹೆಚ್ಚಾಗಿ ನಮ್ಮ ದೇಶದ್ದೇ. ನಮ್ಮ ಹೆಂಗಸರ ಜೋಮಾಲೆಯ ಗುಂಡುಗಳ ಒಳಗೂ ಅರಗು ಇರುತ್ತದೆ, ಮೇಲೆ ತೆಳು ಚಿನ್ನ. ಅಜ್ಜಿಯ ಕೊರಳಲ್ಲೂ ಅಜ್ಜನ ಗ್ರಾಮಫೋನಿನ ಮೇಲೂ ಇದ್ದದ್ದು ಒಂದೇ ಹುಳದ ಅಂಟು.

ಇನ್ನು ನನ್ನ ಟಿಕ್. ಪ್ಲೇಟಿನಲ್ಲಿ ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಒಂದು ಖಾಲಿ ಜಾಗ ಇರುತ್ತದೆ. ಬೆಳಕಿಗೆ ಓರೆ ಮಾಡಿದರೆ ಅಲ್ಲಿ ಅಕ್ಷರ, ಅಂಕಿ ಕಾಣುತ್ತವೆ. ಅದು ಪ್ಲೇಟಿನ ಜಾತಕ. ಲ್ಯಾಕರಿನ ನಂಬರು, ಕೆಲವದರಲ್ಲಿ ಎಷ್ಟನೇ ತಾಯಿ, ಎಷ್ಟನೇ ಸ್ಟ್ಯಾಂಪರ್ ಅನ್ನುವುದೂ ಇರುತ್ತದೆ. ಇಂಗ್ಲೆಂಡಿನ ಇಎಂಐಯವರು ಸ್ಟ್ಯಾಂಪರ್ ನಂಬರನ್ನು ಅಕ್ಷರದಲ್ಲಿ ಬರೆಯುತ್ತಿದ್ದರು. ಗ್ರಾಮಫೋನ್ ಲಿಮಿಟೆಡ್ ಅನ್ನುವ ಹೆಸರಿನಿಂದ ಆಯ್ದ ಇಂಗ್ಲಿಷ್ ಅಕ್ಷರಗಳೇ ಅಂಕಿಗಳು: ಜಿ ಅಂದರೆ 1, ಆರ್ ಅಂದರೆ 2, ಎ ಅಂದರೆ 3, ಹೀಗೆ. ನನ್ನ ಪ್ಲೇಟು ಅವರದ್ದಲ್ಲ, ಇದರಲ್ಲಿ ಸುಮ್ನೆ ಅಂಕಿಗಳು. ಬೆರಳಿಗೆ ಇನ್ನೊಂದು ಗುಟ್ಟೂ ಸಿಗುತ್ತದೆ. ತಾಯಿಯ ಮೈಯಲ್ಲಿ ಕೊರೆದ ಅಂಕಿ ಪ್ಲೇಟಿನಲ್ಲೂ ತಗ್ಗು. ಸ್ಟ್ಯಾಂಪರಿನ ಮುಖದಲ್ಲಿ ಕೊರೆದದ್ದು ಉಬ್ಬು.

ನನ್ನ ಎರಡೂ ಪ್ರತಿಗಳಲ್ಲಿ ತಗ್ಗಾದ ಅಂಕಿ 2. ಉಬ್ಬಿದ ಅಂಕಿ ಮನೆಯದರಲ್ಲಿ 4, ಬೆಂಗಳೂರಿನದರಲ್ಲಿ 9. ಸ್ಟ್ಯಾಂಪರ್ ಬೇರೆ ಬೇರೆ, ತಾಯಿ ಒಬ್ಬಳೇ. ಹಾಗಾದರೆ ಟಿಕ್ ಸ್ಟ್ಯಾಂಪರಿನದ್ದಲ್ಲ, ತಾಯಿಯದ್ದೋ ಅದಕ್ಕೂ ಹಿಂದಿನದ್ದೋ. ಪಕ್ಕದ ಮನೆಯ ಹುಡುಗನ ಶಾಲೆಯ ಪ್ರಾಜೆಕ್ಟಿನ ಮೈಕ್ರೋಸ್ಕೋಪ್ ತಂದು, ಪಿಟೀಲು ಎತ್ತಿಕೊಳ್ಳುವ ಜಾಗ ಹುಡುಕಲು ಒಂದು ಭಾನುವಾರ ಪೂರ್ತಿ ಹೋಯಿತು. ಸಿಕ್ಕಿತು. ಎಡಗೋಡೆಯಲ್ಲಿ ದುಂಡಗಿನ ಒಂದು ಕುಳಿ. ಗುಬಟು ಅಲ್ಲ, ಕುಳಿ. ಅಂದರೆ ಉಳಿ ಹಿಡಿದು ಕೂತವರು ನೋಡಿದ್ದರೂ ಏನೂ ಮಾಡುವಂತಿರಲಿಲ್ಲ.

ಈಗ ಉಳಿದಿರುವುದು ಎರಡು ಸಾಧ್ಯತೆ. ಲ್ಯಾಕರಿನಲ್ಲೇ ಆ ಕುಳಿ ಇತ್ತು, ಇಲ್ಲವೇ ಎರಡನೇ ತಾಯಿ ಬೆಳೆಯುವಾಗ ತೊಟ್ಟಿಯಲ್ಲಿ ಒಂದು ಗುಳ್ಳೆ ಹೋಗದೆ ಅಲ್ಲೇ ಕೂತಿತ್ತು. ಒಂದನೇ ತಾಯಿಯದ್ದೋ ಮೂರನೇ ತಾಯಿಯದ್ದೋ ಒಂದು ಪ್ರತಿ ಸಿಕ್ಕಿದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತದೆ. ಅದರಲ್ಲಿ ಟಿಕ್ ಇಲ್ಲದಿದ್ದರೆ ಗುಳ್ಳೆಯೇ. ಹಳೇ ಸಾಮಾನಿನ ಅಂಗಡಿಗೆ ಹೋದಾಗಲೆಲ್ಲ ಈಗ ನಾನು ಕವರು ನೋಡುವುದಿಲ್ಲ. ಪ್ಲೇಟು ಹೊರಗೆಳೆದು, ಕಿಟಕಿಯ ಬೆಳಕಿಗೆ ಓರೆ ಹಿಡಿದು, ಲೇಬಲ್ಲಿನ ಪಕ್ಕ ಬೆರಳು ಆಡಿಸುತ್ತೇನೆ.